ಲಕೋಟೆ ಕಾಯುವ ಸುಮಿತ್ರಮ್ಮ

ಬೆಳಗಿನ ಐದು ಗಂಟೆ. ಮಡಿಕೇರಿಯ ಆಸ್ಪತ್ರೆಯೊಂದರಲ್ಲಿ ಸುಮಿತ್ರಮ್ಮ ಕತ್ತರಿ, ಇಕ್ಕಳಗಳನ್ನು ಕುದಿಯುವ ನೀರಿಗೆ ಬಿಡುತ್ತಿದ್ದಾರೆ. ಇವತ್ತು ಆಪರೇಶನ್ ಟೇಬಲ್ಲಿಗೆ ಬರುವವನು ಅವರ ಸ್ವಂತ ತಮ್ಮ ಮಲ್ಲಪ್ಪ. ಹೊಟ್ಟೆ ಹುಣ್ಣಿನಿಂದ ಸೊರಗಿ ಕಡ್ಡಿಯಾಗಿದ್ದಾನೆ.

ಕೊಡ್ಲಿಪೇಟೆ ಕಡೆಯ ಸುಮಿತ್ರಮ್ಮ ಗಂಡ ತೀರಿಕೊಂಡ ಮೂರೇ ತಿಂಗಳಿಗೆ ಇಲ್ಲಿ ಆಯಾ ಆಗಿ ಸೇರಿದವರು. ಅದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಈಗ ಆರು ವರ್ಷವಾಯಿತು. ದಿನಕ್ಕೆ ಇಪ್ಪತ್ತು ಹಾಸಿಗೆ ನೋಡುತ್ತಾರೆ. ಅದರ ಮೇಲೆ, ಬೀರುವಿನಲ್ಲಿರುವ ಲಕೋಟೆಗಳನ್ನು ಕಾಯುತ್ತಾರೆ.

ಹೊಟ್ಟೆ ಹುಣ್ಣಿಗೆ ಇಲ್ಲಿ ಎರಡು ಬಗೆಯ ಆಪರೇಶನ್ ಉಂಟು. ದೊಡ್ಡದರಲ್ಲಿ ಜಠರದ ಬಹುಪಾಲನ್ನೇ ತೆಗೆಯುತ್ತಾರೆ. ಚಿಕ್ಕದರಲ್ಲಿ ಒಂದು ನರ ಕತ್ತರಿಸಿ ಜಠರಕ್ಕೆ ಬೇರೆ ದಾರಿ ಮಾಡುತ್ತಾರೆ. ಡಾಕ್ಟರ್ ಉತ್ತಯ್ಯನವರ ನಾಲ್ಕು ವರ್ಷದ ರಿಜಿಸ್ಟರ್ ಪ್ರಕಾರ ದೊಡ್ಡದೇ ಮೇಲು. ಆದರೆ ಗಟ್ಟಿಮುಟ್ಟಾದವರನ್ನೇ ಆರಿಸಿ ದೊಡ್ಡದನ್ನು ಮಾಡಿದವರೂ ಅವರೇ.

"ಒಳ್ಳೆ ಗದ್ದೆಗೊಂದು ಭತ್ತ, ಜವುಗಿಗೊಂದು ಭತ್ತ ಹಾಕಿ, ಯಾವ ಬೀಜ ಮೇಲು ಅಂದ್ರೆ ಏನ್ ಹೇಳದು?" ಎನ್ನುತ್ತಾರೆ ಸುಮಿತ್ರಮ್ಮ.

ಅದಕ್ಕೇ ಈಗ ಡಾಕ್ಟರು 'ದೊಡ್ಡದು', 'ಚಿಕ್ಕದು' ಎಂದು ಬರೆದ ಚೀಟಿಗಳನ್ನು ಕಲಸಿ, ನಂಬರು ಹಾಕಿದ ಲಕೋಟೆಗಳಲ್ಲಿಟ್ಟು ಅಂಟಿಸಿದ್ದಾರೆ. ಎರಡಕ್ಕೂ ಒಪ್ಪಿದ ರೋಗಿ ಬಂದಾಗ ಸಾಲಿನಲ್ಲಿ ಮುಂದಿನದನ್ನು ಒಡೆಯಬೇಕು. ಚೀಟಿಯಲ್ಲಿದ್ದದ್ದೇ ಆಪರೇಶನ್.

ಮೊದಲ ಮೂರು ತಿಂಗಳು ಸುಮಿತ್ರಮ್ಮ ತಪ್ಪಿದ್ದರು. ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೊರಗಿದವರಿಗೆ ದೊಡ್ಡದು ಬಂದಿದ್ದರೆ ಅಡಿಯಲ್ಲಿದ್ದ ಚಿಕ್ಕದನ್ನು ಎತ್ತಿಕೊಡುತ್ತಿದ್ದರು. "ಪಾಪ ಅನ್ನಿಸ್ತಿತ್ತು. ಒಂದಿನ ಡಾಕ್ಟ್ರು, ಚಿಕ್ಕದರಲ್ಲೇ ಜನ ಹೆಚ್ಚು ತೀರಿಹೋಗ್ತಾರಲ್ಲ ಅಂದ್ರು. ಹೋಗ್ದೆ ಇನ್ನೇನು, ಕೈಲಾಗದೋರ್ನೆಲ್ಲ ಅಲ್ಲಿಗೆ ದಬ್ಬಿದೋಳು ನಾನು. ಹೇಳ್ಬಿಟ್ಟೆ."

ಹಾಗೆ ಲಕೋಟೆ ಬದಲಾದ ಹದಿನಾಲ್ಕು ಹೆಸರು ಲೆಕ್ಕದಿಂದ ಹೋದವು. ಬೀರುವಿನ ಕೀಲಿಕೈ ಮಾತ್ರ ಅವರಿಂದ ಹೋಗಲಿಲ್ಲ. "ಒಪ್ಪಿಕೊಂಡವರ ಹತ್ತಿರವೇ ಇರಲಿ" ಎಂದರಂತೆ ಡಾಕ್ಟರು. ಆಮೇಲೆ, ಬೆಳಕಿಗೆ ಹಿಡಿದರೂ ಕಾಣದಂತೆ, ಒಂದೊಂದು ಲಕೋಟೆಯೊಳಗೂ ಎಕ್ಸರೇ ಫಿಲ್ಮಿನ ಕಪ್ಪು ಕಾಗದ ಸೇರಿತು.

ಎಂಟು ಗಂಟೆಗೆ ಮಲ್ಲಪ್ಪನನ್ನು ತರುತ್ತಾರೆ. "ಅಕ್ಕಾ, ಹಬ್ಬದ ಕಡುಬಲ್ಲೂ ನಂಗೆ ಸಣ್ಣದೇ ಹಾಕ್ತಿದ್ದೆ. ಇವತ್ತೂ ಸಣ್ಣದೇ ಹಾಕು."

"ಇವತ್ತು ಬಡ್ಸೋಳು ನಾನಲ್ಲ ಕಣೋ."

ಡಾಕ್ಟರು ಮೆಲ್ಲಗೆ ಹೇಳುತ್ತಾರೆ: "ಸುಮಿತ್ರಮ್ಮ, ನೀವಿಬ್ಬರೂ ಲಕೋಟೆ ಬೇಡ ಅಂದ್ರೆ ಲೆಕ್ಕದಿಂದ ಹೊರಗಿಟ್ಟು ಚಿಕ್ಕದನ್ನೇ ಮಾಡ್ತೇನೆ."

ಮಲ್ಲಪ್ಪ ಅಕ್ಕನ ಮುಖ ನೋಡುತ್ತಾನೆ. "ಅಕ್ಕ ಹೇಳ್ದಂಗೆ."

ಸುಮಿತ್ರಮ್ಮ ಸೊಂಟದಿಂದ ಕೀಲಿಕೈ ತೆಗೆಯುತ್ತಾರೆ. ಆಮೇಲೆ ಬೀರು ತೆರೆದು ಎಂಬತ್ತೇಳನೆಯ ಲಕೋಟೆ ಒಡೆಯುತ್ತಾರೆ. ದೊಡ್ಡದು.

ಬಾಗಿಲು ಮುಚ್ಚುತ್ತದೆ. ಸುಮಿತ್ರಮ್ಮ ಹೊರಗೆ ಬೆಂಚಿನ ಮೇಲೆ ಕೂರುತ್ತಾರೆ. "ಯಾವುದು ಒಳ್ಳೇದು ಅಂತ ಇನ್ನೂ ಗೊತ್ತಿಲ್ಲ ಅಂತ ಎಂಬತ್ತಾರು ಮನೆಯೋರಿಗೆ ಹೇಳಿದೀನಿ. ನಮ್ಮನೆಗೆ ಮಾತ್ರ ಗೊತ್ತು ಅನ್ನಕ್ಕಾಯ್ತದಾ?"