ಐಸಿಗೆ ತಗುಲಿದ ಎಂಜಲು

ನನ್ನಣ್ಣ ಬಳ್ಳಾರಿಯ ಐಸು ಕಾರ್ಖಾನೆಯಲ್ಲಿದ್ದ. ಸಿರುಗುಪ್ಪದ ನಮ್ಮ ತವರಿನಲ್ಲಿ ಯಾರೂ ಮಾಡದ ಕೆಲಸ. ಅವನಿಗೆ ಭಾರಿ ಹೆಮ್ಮೆ. ಬೇರೆ ಕಡೆ ಐಸು ಮಾಡಲು ಬಳಸುವ ಗ್ಯಾಸು ಸೋರಿದರೆ ಕಣ್ಣು ಉರಿಯುತ್ತದೆ, ನಮ್ಮದು ಗೋಲಿ ಸೋಡಾದಲ್ಲಿ ಬುರುಬುರು ಏಳುವ ಗ್ಯಾಸೇ ಎನ್ನುತ್ತಿದ್ದ. ಯಂತ್ರ ಅದನ್ನು ಬಿಗಿಯಾಗಿ ಅದುಮುತ್ತದಂತೆ. ಮೇಲೆ ಬಾವಿನೀರು ಹರಿಸಿ ಅದರ ಬಿಸಿ ಆರಿಸಿ, ಕಬ್ಬಿಣದ ಕೊಳವೆಯೊಳಗೆ ಸಡಿಲ ಬಿಟ್ಟರೆ ಅದು ಸುತ್ತಲಿನ ಉಪ್ಪುನೀರಿನ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದಂತೆ. ಆ ಉಪ್ಪುನೀರಿನಲ್ಲಿ ಇಳಿಬಿಟ್ಟ ಡಬ್ಬಿಗಳ ಸಿಹಿನೀರು ಕಲ್ಲಾಗುತ್ತದೆ.

ಸ್ವಾತಂತ್ರ್ಯ ಬಂದ ಮರು ಬೇಸಿಗೆಯಲ್ಲಿ, ಕುರುಗೋಡಿನ ನಮ್ಮ ಮನೆಯಲ್ಲಿ ಅತ್ತೆಗೆ ಜ್ವರ ಬಂತು. ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಹೇಗಾದರೂ ಐಸು ತರಿಸಿ ಚೂರು ಚೂರೇ ಚೀಪಿಸಿ, ಇಲ್ಲದಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿ ಹೋದರು. ಸುದ್ದಿ ಮುಟ್ಟಿದ್ದೇ ತಡ, ಅಣ್ಣ ಭತ್ತದ ಹೊಟ್ಟು ತುಂಬಿದ ಗೋಣಿಚೀಲದಲ್ಲಿ ಐಸು ಹುದುಗಿಸಿಕೊಂಡು ಬಸ್ಸು ಹತ್ತಿ ಬಂದ. ದಾರಿಯಲ್ಲೇ ಅರ್ಧ ಕರಗಿತ್ತು. ಉಳಿದದ್ದು ಶಿವನ ದಯೆ.

ಸುಮ್ಮನೆ ಕೊಟ್ಟಿದ್ದರೆ ಆಗುತ್ತಿತ್ತು. ಅತ್ತೆಗೆ ಧೈರ್ಯ ಹೇಳಲು ಹೋಗಿ, ಇದನ್ನು ಹೆಪ್ಪುಗಟ್ಟಿಸುವುದೇನೂ ವಿಷದ ಗ್ಯಾಸಲ್ಲ, ನಾವು ಹೊರಗೆ ಬಿಡುವ ಉಸಿರಿನಲ್ಲಿರುವುದೂ ಇದೇ ಎಂದುಬಿಟ್ಟ.

“ಮಂದಿ ಬಾಯಾಗಿನ ಗಾಳಿ ಅಂದ್ರ ಎಂಜಲಾತಲ್ಲೋ ತಮ್ಮಾ,” ಎಂದರು ಅತ್ತೆ. “ಲಿಂಗ ಕಟ್ಟಿದ ಮೈ ಇದು. ನನಗ ಬ್ಯಾಡ.”

ಅಣ್ಣ ಕೊಳವೆ, ಡಬ್ಬಿ ಎಂದು ಬಿಡಿಸಿ ಹೇಳಿದಷ್ಟೂ ಅವರು ಗೋಡೆ ಕಡೆ ಹೊರಳಿದರು. ಬಟ್ಟಲಲ್ಲಿ ಐಸು ಕರಗುತ್ತಿತ್ತು, ಅವರ ನಾಲಿಗೆ ಒಣಗುತ್ತಿತ್ತು. ಅಳು ತಡೆಯಲಾರದೆ ನಾನು ಅಡುಗೆಮನೆಗೆ ಹೋದೆ. ಒಲೆಯ ಪಕ್ಕ ಅತ್ತೆಯ ಊದುಗೊಳವೆ ಕಂಡಿತು. ಅದನ್ನೇ ತಂದು ಅವರ ಕೈಯಲ್ಲಿಟ್ಟೆ.

“ಅತ್ತೀ, ದಿನಾ ದೇವರಿಗೆ ಎಡಿ ಮಾಡುವಾಗ ಇದರಾಗ ಊದ್ತೀರಿ. ನಿಮ್ಮ ಉಸಿರು ಉರಿಗೆ ಹತ್ತತೈತಿ, ಗಡಿಗ್ಯಾಗಿನ ಅನ್ನಕ್ಕ ಹತ್ತತೈತೇನ್ರಿ? ಇದೂ ಹಂಗ. ಗಾಳಿ ಕೊಳವ್ಯಾಗ, ನೀರು ಡಬ್ಬ್ಯಾಗ.”

ಮಸಿ ಹಿಡಿದ ಆ ಕೊಳವೆಯನ್ನು ಅವರು ಬಹಳ ಹೊತ್ತು ಸವರುತ್ತಿದ್ದರು. ಆಮೇಲೆ ಬಾಯಿ ತೆರೆದರು. ಮೊದಲ ಚೂರು ಹೊಟ್ಟೆಯಲ್ಲಿ ನಿಂತಿತು. ಇನ್ನೊಂದೂ ನಿಂತಿತು. ಸಂಜೆಗೆ ದನಿ ಬಂತು.

“ನಿಮ್ಮಣ್ಣಗ ಹೇಳವಾ, ಐಸು ತರಲಿ, ಮಾತು ಬಳ್ಳಾರ್ಯಾಗ ಬಿಟ್ಟು ಬರಲಿ.”

ನಾನು ಬೇರೆ ತಂಬಿಗೆಯಲ್ಲಿ ಎತ್ತಿಟ್ಟಿದ್ದ ತುಣುಕು ಅಷ್ಟರಲ್ಲಿ ನೀರಾಗಿತ್ತು. ಅತ್ತೆ ಅದನ್ನು ಚೆಲ್ಲಗೊಡಲಿಲ್ಲ. ನನ್ನಿಂದ ಹೊಟ್ಟು ಸೋಸಿಸಿ, ಮರುದಿನ ಬೆಳಗ್ಗೆ ದಿಂಬಿಗೆ ಒರಗಿ ಕುಳಿತು, ಅದರಿಂದಲೇ ಲಿಂಗಕ್ಕೆ ನೀರೆರೆದರು.