ಉಪದೇಶಿಗಳು ಮಾರಿದ ಎತ್ತು

ಕ್ರೈಸ್ತನಾದದ್ದಕ್ಕೆ ನಾನು ತೆತ್ತ ಬೆಲೆ ನನ್ನ ಕಸುಬಿನ ಅರ್ಧ ವಿದ್ಯೆ. ಯಾರೂ ಅದನ್ನು ನನ್ನಿಂದ ಕಿತ್ತುಕೊಳ್ಳಲಿಲ್ಲ, ನಾನೇ ಬಿಟ್ಟುಕೊಟ್ಟೆ. ಎರಡು ಮನಸ್ಸಿನವನಾಗಿ ದೇವರ ಮುಂದೆ ನಿಲ್ಲಲಾಗದು ಎಂದು ಒಬ್ಬರು ಹೇಳಿದರು, ಆ ಮಾತು ಸರಿಯೆನಿಸಿತು, ಅದಕ್ಕೇ ಬಿಟ್ಟೆ. ಹಾಗೆ ಹೇಳಿದವರು ತಾವೇ ಅದನ್ನು ಬಿಟ್ಟಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಕೊಂಡ ಸರಕಿನ ಬಗ್ಗೆ ನನಗೆ ಇವತ್ತಿಗೂ ತಕರಾರಿಲ್ಲ. ಕೊಡಿಸಿದವರ ಮೇಲಿನ ನೋವು ಮಾತ್ರ ಇನ್ನೂ ಆರಿಲ್ಲ.

ಇದು ನಡೆದದ್ದು ಸಾವಿರದ ಒಂಬೈನೂರ ನಲವತ್ತಮೂರರಲ್ಲಿ. ನಾನಾಗ ನೆಲಮಂಗಲ ತಾಲ್ಲೂಕಿನ ಸಂತೆಗಳಲ್ಲಿ ಎತ್ತಿನ ದಲ್ಲಾಳಿಯಾಗಿದ್ದೆ. ಊರು ಅರಿಶಿನಕುಂಟೆಯ ಮಗ್ಗುಲಲ್ಲಿ. ಅಪ್ಪ ಮಾಡಿಟ್ಟ ಹೊಲವಿರಲಿಲ್ಲ, ಓದೂ ಅಷ್ಟಕ್ಕಷ್ಟೆ. ಸಂತೆಯಲ್ಲಿ ಬೇರೆಯವರ ದನಕ್ಕೆ ನೀರು ತೋರಿಸುತ್ತ, ದೊಡ್ಡ ದಲ್ಲಾಳಿಗಳ ಹಿಂದೆ ನಿಂತು ನೋಡುತ್ತ ಕಸುಬು ಕಲಿತವನು ನಾನು. ಆಗ ಯುದ್ಧದ ಕಾಲ. ಸೀಮೆಎಣ್ಣೆಗೆ, ಬಟ್ಟೆಗೆ ಪಡಿಪಾಟಲು. ಎತ್ತಿನ ಬೆಲೆಯಂತೂ ಕೈಗೆ ಸಿಗುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ರೈತ ದಲ್ಲಾಳಿಯನ್ನು ಬಿಟ್ಟು ಎತ್ತು ಕೊಳ್ಳುತ್ತಿರಲಿಲ್ಲ.

ದಲ್ಲಾಳಿಯ ಕೆಲಸ ಏನೆಂದು ತಿಳಿಯದವರಿಗೆ ಹೇಳುತ್ತೇನೆ. ಮಾರುವವನ ಕೈ, ಕೊಳ್ಳುವವನ ಕೈ ಎರಡನ್ನೂ ಒಂದು ಟವಲಿನ ಕೆಳಗೆ ಹಿಡಿದು ಬೆರಳಿನಲ್ಲೇ ಬೆಲೆ ಕೂಡಿಸುವುದು ಒಂದು ಭಾಗ. ಅದನ್ನು ಯಾರು ಬೇಕಾದರೂ ಕಲಿಯಬಹುದು. ಎತ್ತು ನೋಡಿ ಹೇಳುವುದು ಇನ್ನೊಂದು ಭಾಗ. ಹಲ್ಲು ನೋಡಿ ವಯಸ್ಸು, ಗೊರಸು ನೋಡಿ ನಡಿಗೆ, ಹೆಗಲ ಚರ್ಮ ನೋಡಿ ನೊಗಕ್ಕೆ ಒಗ್ಗಿದ್ದು ಹೇಳಬೇಕು. ಇಷ್ಟೆಲ್ಲ ಆದ ಮೇಲೆ ಸುಳಿ. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡು ತಿರುಗುವ ಜಾಗಕ್ಕೆ ಸುಳಿ ಎನ್ನುತ್ತಾರೆ. ಇಂಥ ಕಡೆ ಇದ್ದರೆ ಮನೆ ಏಳಿಗೆ, ಇಂಥ ಕಡೆ ಇದ್ದರೆ ಮನೆಗೆ ಕೇಡು ಎಂಬುದು ನಂಬಿಕೆ. ಹಿಣಿಲಿನ, ಎಂದರೆ ಎತ್ತಿನ ಹೆಗಲ ಮೇಲಿನ ಡುಬ್ಬದ ಹಿಂದೆ, ಬೆನ್ನೆಲುಬಿನ ಎರಡೂ ಪಕ್ಕದಲ್ಲಿ ಜೋಡಿಯಾಗಿ ಬಿದ್ದ ಸುಳಿಗೆ ನಮ್ಮ ಕಡೆ ಚಟ್ಟದ ಸುಳಿ ಎಂದು ಹೆಸರು. ಆ ಎತ್ತು ಕಟ್ಟಿದ ಮನೆಯಲ್ಲಿ ಹೆಣ ಏಳುತ್ತದೆ ಎಂದು ಹೆದರುತ್ತಿದ್ದರು. ಸುಳಿ ಓದುವುದರಲ್ಲಿ ನನ್ನನ್ನು ಮೀರಿಸುವವರು ಆ ಸಂತೆಗಳಲ್ಲಿ ಇರಲಿಲ್ಲ. ಮಾಕಳಿದುರ್ಗದ ಕಡೆಯಿಂದಲೂ ಹುಡುಕಿಕೊಂಡು ಬರುತ್ತಿದ್ದರು.

ನಮ್ಮ ಊರಿನ ಹತ್ತಿರ ಹೆಂಚು ಹೊದಿಸಿದ ಒಂದು ಸಣ್ಣ ಪ್ರಾರ್ಥನಾ ಮಂದಿರವಿತ್ತು. ಅಲ್ಲಿ ಬೋಧನೆ ಮಾಡುತ್ತಿದ್ದವರು ಸಮುವೇಲಯ್ಯನವರು. ಅವರನ್ನು ಎಲ್ಲರೂ ಉಪದೇಶಿಗಳು ಎನ್ನುತ್ತಿದ್ದರು, ಎದುರಿಗೆ ಅಯ್ನೋರು. ನರೆತ ತಲೆ, ಕಪ್ಪು ಕೊಡೆ, ಮೆಲ್ಲಗಿನ ಮಾತು. ನನ್ನ ಹೆಂಡತಿ ಮೊದಲು ಹೋಗತೊಡಗಿದಳು, ಅವಳ ಹಿಂದೆ ನಾನು. ದೀಕ್ಷಾಸ್ನಾನಕ್ಕೆ ಮೊದಲು ಉಪದೇಶಿಗಳು ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಸುಳಿಯ ಮಾತೆತ್ತಿದರು.

"ಚಿನ್ನಪ್ಪ, ಭಾನುವಾರ ಒಬ್ಬ ಮನುಷ್ಯ, ಸಂತೆ ದಿನ ಇನ್ನೊಬ್ಬ ಮನುಷ್ಯ ಆಗಕ್ಕಾಗಲ್ಲಪ್ಪ. ಇಲ್ಲಿ ದೇವರೇ ಕಾಯೋನು ಅಂತೀಯ, ಅಲ್ಲಿ ಹೋಗಿ ಸುಳಿ ಕಾಯ್ತದೆ, ಸುಳಿ ಕೊಲ್ತದೆ ಅಂತೀಯ. ಇದರಲ್ಲಿ ಯಾವ ಚಿನ್ನಪ್ಪನ್ನ ನಾನು ದೇವರಿಗೆ ಒಪ್ಪಿಸಲಿ?"

ನಾನು ದಲ್ಲಾಳಿಯಲ್ಲವೇ, ಚೌಕಾಸಿಗೆ ಇಳಿದೆ. "ಅಯ್ನೋರೆ, ನಾನಾಗಿ ಹೇಳಲ್ಲ. ಕೇಳಿದೋರಿಗೆ ಮಾತ್ರ ಹೇಳ್ತೀನಿ. ಅಷ್ಟಕ್ಕೆ ಬಿಟ್ಕೊಡಿ."

"ದೇವರು ಎತ್ತಿನ ಕಾಲು ಬೇರೆ ತಲೆ ಬೇರೆ ಕೊಳ್ಳಲ್ಲ ಕಣಪ್ಪ. ಕೊಂಡ್ರೆ ಪೂರ್ತಿ ಕೊಳ್ತಾನೆ."

ಆ ಮಾತು ನನ್ನನ್ನು ಹಿಡಿಯಿತು. ಪೂರ್ತಿ ಮನುಷ್ಯನಾಗಬೇಕು ಎಂಬ ಆಸೆ ನನ್ನೊಳಗೆ ಮೊದಲಿಂದಲೂ ಇತ್ತೆಂದು ಕಾಣುತ್ತದೆ. ಹತ್ತು ಜನರ ಮುಂದೆ ಹತ್ತು ಥರ ಮಾತಾಡಿ ಹೊಟ್ಟೆ ಹೊರೆದವನಿಗೆ ಒಂದೇ ಮುಖ ಇಟ್ಟುಕೊಂಡು ಬದುಕುವುದು ದೊಡ್ಡ ಭಾಗ್ಯವಾಗಿ ತೋರುತ್ತದೆ. ದೀಕ್ಷೆ ಪಡೆದು, ಮಂದಿರದ ಸಭೆಯ ಎದುರು ನಿಂತು ಇನ್ನು ಸುಳಿ ಓದುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟೆ. ಮಾರನೆಯ ಸಂತೆಯಿಂದಲೇ ನನ್ನ ಗಿರಾಕಿಗಳು ಬಾಷಾಸಾಬರ ಕಡೆ ತಿರುಗಿದರು. ಅವರು ನನ್ನ ವಾರಿಗೆಯ ದಲ್ಲಾಳಿ, ಒಳ್ಳೆಯವರು, ನಗೆಗಾರರು.

"ಏನ್ ಚಿನ್ನಪ್ಪಣ್ಣ, ಸಾಬ್ರ ಕೈಲಿ ಗೌಡ್ರಿಗೆ ಸುಳಿ ಹೇಳಿಸ್ತಾ ಇದೀರಲ್ಲ. ನಮ್ಮ ಮುಲ್ಲಾಗೆ ಗೊತ್ತಾದ್ರೆ ನನ್ನ ಬೆನ್ನ ಮೇಲೆ ಸುಳಿ ಹುಡುಕ್ತಾರೆ" ಎಂದು ಛೇಡಿಸುತ್ತಿದ್ದರು. ನಾನೂ ನಗುತ್ತಿದ್ದೆ. ಮನೆಯಲ್ಲಿ ಮುದ್ದೆ ಸಣ್ಣದಾಯಿತು, ಹೆಂಡತಿ ಬೇಸರಪಡಲಿಲ್ಲ. ಆ ವರ್ಷ ನಾನು ಹಗುರವಾಗಿ ನಡೆದಾಡಿದೆ.

ಅದೇ ವರ್ಷ ನಮ್ಮ ಸಭೆಗೆ ಪುಟ್ಟಯ್ಯ ಎಂಬ ರೈತ ಸೇರಿದ. ತ್ಯಾಮಗೊಂಡ್ಲು ದಾರಿಯಲ್ಲಿ ಅವನ ಹೊಲ. ಅವನ ಹತ್ತಿರ ಒಂದು ಎತ್ತು, ದೊಡ್ಡಪ್ಪನ ಮಗನ ಹತ್ತಿರ ಇನ್ನೊಂದು. ಎರಡನ್ನೂ ಜೊತೆ ಕಟ್ಟಿ ಇಬ್ಬರ ಹೊಲವನ್ನೂ ಸರದಿಯಲ್ಲಿ ಉಳುತ್ತಿದ್ದರು. ಎತ್ತು ಕಮ್ಮಿಯಿರುವ ಮನೆಗಳಲ್ಲಿ ಇದೇ ಪದ್ಧತಿ. ಪುಟ್ಟಯ್ಯ ದೀಕ್ಷೆ ಪಡೆದ ವಾರವೇ ದೊಡ್ಡಪ್ಪನ ಮಗ ತನ್ನ ಎತ್ತು ಬಿಚ್ಚಿಕೊಂಡು ಹೋದ. ಊರಲ್ಲಿ ಬೇರೆ ಯಾರೂ ಜೊತೆ ಕೊಡಲಿಲ್ಲ. ಮಳೆ ಬೀಳುವ ಕಾಲ, ಹೊಲ ಉಳದಿದ್ದರೆ ರಾಗಿಯಿಲ್ಲ.

ಆಗ ಉಪದೇಶಿಗಳು ನನ್ನನ್ನು ಕರೆಸಿದರು. ಅವರಿಗೂ ಸ್ವಲ್ಪ ಜಮೀನು, ಒಂದು ಜೊತೆ ಎತ್ತು ಇದ್ದವು. "ಜಮೀನನ್ನ ವಾರಕ್ಕೆ, ಬೆಳೆ ಪಾಲಿಗೆ ಕೊಟ್ಬಿಡ್ತೀನಿ ಚಿನ್ನಪ್ಪ, ವಯಸ್ಸಾಯ್ತು. ಗಾಡಿಗೆ ಒಂಟೆತ್ತು ಸಾಕು. ಇನ್ನೊಂದನ್ನ ಪುಟ್ಟಯ್ಯನಿಗೆ ಕೊಡಿಸು. ಕಷ್ಟದಲ್ಲಿದಾನೆ ಪಾಪ."

ಎತ್ತು ಹೊರಗೆ ಬಂತು. ಹಳ್ಳಿಕಾರ್ ತಳಿ, ಆರು ಹಲ್ಲಿನ ಪ್ರಾಯ, ಕಡೆದಿಟ್ಟ ಹಾಗೆ ಗೊರಸು. ಹಿಣಿಲಿನ ಹಿಂದೆ ಅಚ್ಚೊತ್ತಿದ ಹಾಗೆ ಚಟ್ಟದ ಸುಳಿ. ಓದುವುದಿಲ್ಲ ಎಂದು ಮಾತು ಕೊಟ್ಟಿದ್ದೆನಾದರೂ ಕಣ್ಣಿಗೆ ಬಿದ್ದದ್ದನ್ನು ಕಾಣದಿರಲು ಆಗುವುದಿಲ್ಲ. ಪುಟ್ಟಯ್ಯನೂ ಕಂಡ. ರೈತನ ಮಗ, ಎಲ್ಲಿ ನೋಡಬೇಕೆಂದು ಅವನಿಗೂ ಗೊತ್ತು.

"ಅಣ್ಣಾ, ಹಿಂದ್ಗಡೆ ನೋಡ್ದಾ?" ಎಂದು ಮೆಲ್ಲಗೆ ಕೇಳಿದ.

"ನೋಡ್ದೆ ಕಣಪ್ಪ. ಸುಳಿ ನೊಗ ಹೊರಲ್ಲ, ಹೆಗಲು ಹೊರ್ತದೆ. ಹೆಗಲು ನೋಡು, ಹೆಂಗಿದೆ."

ಉಪದೇಶಿಗಳು ನಕ್ಕರು. ಎತ್ತಿನ ಹಣೆಯ ಮೇಲೆ ಕೈಯಿಟ್ಟು, "ಪುಟ್ಟಯ್ಯ, ನಮ್ಮ ಕೊಟ್ಟಿಗೆಲೇ ಇತ್ತಲ್ಲಪ್ಪ ಇದು. ನಾವು ಚೆನ್ನಾಗೇ ಇಲ್ವಾ? ನಂಬಿಕೆಯಿಂದ ಹೊಡ್ಕೊಂಡು ಹೋಗು" ಎಂದು ಪ್ರಾರ್ಥನೆ ಮಾಡಿದರು. ಪುಟ್ಟಯ್ಯ ತಲೆ ಬಾಗಿಸಿದ. ಅವನು ಹಗ್ಗ ಹಿಡಿದು ಊರ ಬೀದಿಯಲ್ಲಿ ಹೋಗುವಾಗ ಜಗಲಿ ಜಗಲಿಯಿಂದ ಜನ ಬಗ್ಗಿ ಸುಳಿ ನೋಡಿದರಂತೆ. ಅವನ ಹೆಂಡತಿ ನಂಜಮ್ಮ ಬಾಗಿಲಲ್ಲಿ ನಿಂತು ಎತ್ತಿನ ಬೆನ್ನು ಕಂಡು ಒಳಗೆ ಹೋಗಿಬಿಟ್ಟಳಂತೆ. ಆದರೂ ಅವನು ಕಟ್ಟಿದ. ಆ ವ್ಯಾಪಾರಕ್ಕೆ ನಾನು ದಲ್ಲಾಳಿ ಹಣ ಮುಟ್ಟಲಿಲ್ಲ.

ಕೆಲವು ವಾರ ಕಳೆದವು. ಒಂದು ಸಂತೆಯ ಬೆಳಗ್ಗೆ ನಾನು ಒಂದು ಹೋರಿಯ ಕಾಲು ನೋಡಲು ಬಗ್ಗಿದ್ದೆ. ಸಾಲಿನ ಆಚೆ ಬದಿಯಲ್ಲಿ ಬಾಷಾಸಾಬರು ಒಂದು ಎತ್ತಿನ ಬೆನ್ನಿನ ಕೂದಲು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕಪ್ಪು ಕೊಡೆ.

"ಸರಿಯಾಗಿ ನೋಡಿ ಸಾಬ್ರೆ" ಎನ್ನುತ್ತಿತ್ತು ಪರಿಚಯದ ಮೆಲುದನಿ. "ಹೋದ ಸಲ ನೋಡದೆ ತಂದು ಕೆಟ್ಟೆ. ಅದನ್ನ ಕಟ್ಟಿದಾಗಿಂದ ನಮ್ಮ ಮನೆಯಾಕೆ ಹಾಸಿಗೆ ಬಿಟ್ಟು ಎದ್ದಿರಲಿಲ್ಲ, ಸಭೆಗೂ ಹೇಳಿರಲಿಲ್ಲ. ಅದು ಹೋದ ಮೇಲೆ ಈಗ ಗಂಜಿ ಕುಡೀತಿದಾಳೆ. ಜೊತೆಗೆ ಇನ್ನೊಂದು ಬೇಕು, ಸುಳಿ ಶುದ್ಧವಾಗಿರಬೇಕು."

"ಎಲ್ಲಿಗೆ ಹೋಯ್ತು ಅಯ್ನೋರೆ ಅದು?"

"ಹೋಯ್ತು ಬಿಡಿ."

ನಾನು ಎದ್ದು ನಿಂತೆ. ಎತ್ತಿನ ಬೆನ್ನಿನ ಮೇಲಿಂದ ಉಪದೇಶಿಗಳೂ ನಾನೂ ಮುಖ ನೋಡಿಕೊಂಡೆವು. ಬಾಷಾಸಾಬರು ನನ್ನನ್ನು ನೋಡಿದರು, ಅವರನ್ನು ನೋಡಿದರು, ಬೀಡಿ ಹಚ್ಚುವ ನೆವದಲ್ಲಿ ದೂರ ಸರಿದರು.

"ಚಿನ್ನಪ್ಪ, ಮನೇಲಿ ಹೆಂಗಸ್ರು ಹೆದರ್ಕೊಂಡಿದಾರೆ. ಅವರ ಸಮಾಧಾನಕ್ಕೆ..."

"ಪುಟ್ಟಯ್ಯನ ಮನೇಲೂ ಹೆಂಗಸ್ರು ಇದಾರಲ್ಲ ಅಯ್ನೋರೆ."

ಅವರು ಕೊಡೆಯ ತುದಿಯಿಂದ ನೆಲ ಕೆರೆದರು. ನಾನು ಆ ಎತ್ತನ್ನು ವಾಪಸು ತೆಗೆದುಕೊಳ್ಳಿ ಎಂದೆ. ಅದಕ್ಕೆ ಅವರು ಕೊಟ್ಟ ಉತ್ತರವನ್ನು ನಾನು ಸಾಯುವತನಕ ಮರೆಯುವುದಿಲ್ಲ. "ಹೆಂಗೆ ತಗೊಳ್ಳಲಪ್ಪ? ಸುಳಿಯಲ್ಲಿ ಏನೂ ಇಲ್ಲ ಅಂತ ನಾನೇ ಬೋಧನೆ ಮಾಡಿದೀನಿ. ಈಗ ವಾಪಸ್ ತಗೊಂಡ್ರೆ ಸಭೆ ಏನಂದುಕೊಳ್ತದೆ?"

ಸಂತೆಯಲ್ಲಿ ನಾನು ಮೋಸ ಕಾಣದವನೇನಲ್ಲ. ಹಲ್ಲು ಅರದಿಂದ ಉಜ್ಜಿ ವಯಸ್ಸು ಮುಚ್ಚುವವರನ್ನು ಕಂಡಿದ್ದೆ. ಅವರ ಮೋಸ ಎತ್ತಿನ ಬೆಲೆಯಲ್ಲಿ, ನನ್ನ ನಂಬಿಕೆಯಲ್ಲಲ್ಲ. ಇವರು ನನ್ನಿಂದ ನನ್ನ ವಿದ್ಯೆಯನ್ನು ಬಿಡಿಸಿ, ತಮಗೆ ಬೇಕಾದಾಗ ಅದೇ ವಿದ್ಯೆಗೆ ನನ್ನ ಪಕ್ಕದವನ ಹತ್ತಿರ ಹೋದರು. ತಮ್ಮ ಮನೆಯ ಸಾವಿನ ಭಯವನ್ನು ಪ್ರಾರ್ಥನೆ ಮಾಡಿ ಪುಟ್ಟಯ್ಯನ ಮನೆಗೆ ಹೊಡೆದರು. ಹೊಡೆಯಲು ನನ್ನ ಬಾಯನ್ನೇ ಬಳಸಿಕೊಂಡರು.

ಪುಟ್ಟಯ್ಯನಿಗೆ ಹೇಳುವುದೋ ಬಿಡುವುದೋ? ಅವನು ನೆಂಟರು ಇಷ್ಟರನ್ನು ಕಳೆದುಕೊಂಡು ಬಂದವನು. ಹಿಡಿದುಕೊಳ್ಳಲು ಅವನಿಗೆ ಆ ಹೊಸ ನಂಬಿಕೆಯೊಂದೇ. ಹೇಳಿದರೆ ಅದು ಮುರಿಯಬಹುದು, ಸುಮ್ಮನಿದ್ದರೆ ಆ ಮೋಸದಲ್ಲಿ ನಾನೂ ಪಾಲುದಾರ. ಸಂತೆ ಮುಗಿಯುವವರೆಗೆ ಕಾಯಲಿಲ್ಲ. ನೇರವಾಗಿ ಅವನ ಹೊಲಕ್ಕೆ ನಡೆದೆ. ಅವನು ಆ ಎತ್ತನ್ನೇ ಕಟ್ಟಿ ಉಳುತ್ತಿದ್ದ. ಕಂಡದ್ದು ಕೇಳಿದ್ದು ಒಂದೂ ಬಿಡದೆ ಹೇಳಿದೆ. ಈ ಎತ್ತು ನನಗೆ ಕೊಡು, ಬೇರೆ ಎತ್ತು ತಂದು ಕಟ್ಟುತ್ತೇನೆ ಎಂದೆ.

ಅವನು ನೇಗಿಲ ಮೇಣಿ ಬಿಡದೆ ಇನ್ನೊಂದು ಕೈಯಿಂದ ಎತ್ತಿನ ಮೈ ಸವರಿದ.

"ಬ್ಯಾಡ ಅಣ್ಣ. ಎತ್ತು ಚೆಂದಾಗಿ ಉಳ್ತದೆ. ಎತ್ತೇನ್ ಮಾಡ್ತು? ನಂಜಿನೂ ಈಗ ಅದಕ್ಕೆ ತೌಡು ಕಲಸಿ ಇಕ್ತಾಳೆ." ಆಮೇಲೆ ನಿಧಾನಕ್ಕೆ ಹೇಳಿದ, "ಅವರ ಮಾತನ್ನ ಅವರೇ ನಂಬ್ಲಿಲ್ಲ. ನಾನು ನಂಬ್ಬಿಟ್ಟೆ. ಅಷ್ಟೇ ಅಲ್ವಾ?"

ಅಷ್ಟೇ. ಆ ಎತ್ತು ಅವನ ಮನೆಯಲ್ಲಿ ವರ್ಷಗಟ್ಟಲೆ ದುಡಿಯಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಪುಟ್ಟಯ್ಯ ಮತ್ತೆ ಪ್ರಾರ್ಥನಾ ಮಂದಿರದ ಮೆಟ್ಟಿಲು ಹತ್ತಲಿಲ್ಲ. ನಾನು ಎಷ್ಟೋ ಸಲ ಕರೆಯಲು ಹೋದೆ. ಕೊನೆಗೊಂದು ದಿನ ಅವನೇ ಹೇಳಿದ, "ನೀನು ಬಾ ಅಣ್ಣ, ಉಣ್ಣಕ್ಕೆ ಬಾ. ನನ್ನ ಮಾತ್ರ ಅಲ್ಲಿಗೆ ಕರೀಬ್ಯಾಡ." ಸುಳಿಯನ್ನು ನಿಜವಾಗಿ ಗೆದ್ದವನು ನಮ್ಮ ಇಡೀ ಸಭೆಯಲ್ಲಿ ಅವನೊಬ್ಬನೇ. ಹೊರಗೆ ಉಳಿದವನೂ ಅವನೇ.

ಉಪದೇಶಿಗಳಿಗೆ ಆಮೇಲೆ ಬೇರೆ ಊರಿಗೆ ವರ್ಗವಾಯಿತು. ಬೀಳ್ಕೊಡುಗೆಯಲ್ಲಿ ಹಾರ ಹಾಕಲು ಸಭೆಯವರು ನನ್ನನ್ನೇ ಕರೆದರು. ಹಾಕಿದೆ. ಅವರು ನನ್ನ ಕೈ ಹಿಡಿದುಕೊಂಡರು.

ಇಷ್ಟು ವರ್ಷ ಇದನ್ನು ಮೆಲುಕು ಹಾಕಿದ್ದೇನೆ. ಎತ್ತಿಗೆ ಹಲ್ಲು ಒಮ್ಮೆಲೇ ಬರುವುದಿಲ್ಲ. ಹಾಲುಹಲ್ಲು ಬೀಳಬೇಕು, ಜೋಡಿ ಜೋಡಿಯಾಗಿ ಹೊಸದು ಮೂಡಬೇಕು, ಬಾಯಿ ತುಂಬಲು ವರ್ಷಗಳೇ ಬೇಕು. ನಂಬಿಕೆಯೂ ಹಾಗೇ ಬೆಳೆಯುತ್ತದೆ. ಉಪದೇಶಿಗಳ ತಲೆ ನರೆತಿತ್ತು, ಸಾವಿನ ಭಯದ ಜಾಗದಲ್ಲಿ ಮಾತ್ರ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಅದು ತಪ್ಪೇನಲ್ಲ. ಒಂದು ಭಾನುವಾರ ಎದ್ದು ನಿಂತು, "ನನ್ನ ಹೆಂಡತಿ ಮಲಗಿದಾಳೆ, ನನಗೂ ಭಯ ಆಗ್ತಿದೆ, ನನಗೋಸ್ಕರ ಪ್ರಾರ್ಥನೆ ಮಾಡಿ" ಎಂದಿದ್ದರೆ ಸಾಕಿತ್ತು. ಪುಟ್ಟಯ್ಯನೇ ಮೊದಲು ಮೊಣಕಾಲೂರುತ್ತಿದ್ದ. ಭಯ ಹೋದವನು ಪೂರ್ಣ ಮನುಷ್ಯ ಎಂದು ಆಗ ತಿಳಿದಿದ್ದೆ. ತನ್ನ ಭಯವನ್ನು ಇನ್ನೊಬ್ಬನ ಕೊಟ್ಟಿಗೆಗೆ ಹೊಡೆಯದೆ ತಾನೇ ದೇವರ ಮುಂದೆ ಒಯ್ಯುವವನು ಪೂರ್ಣತೆಯ ದಾರಿಯಲ್ಲಿದ್ದಾನೆ ಎಂದು ಈಗ ತಿಳಿದಿದ್ದೇನೆ. ನಾನು ಮತ್ತೆ ಸುಳಿ ಓದಲಿಲ್ಲ. ಅವರಿಗೆ ಕೊಟ್ಟ ಮಾತಾಗಿದ್ದರೆ ಅಂದೇ ಮುರಿಯುತ್ತಿದ್ದೆ. ಕೊಟ್ಟದ್ದು ದೇವರಿಗೆ.

ಓದುವವರಿಗೆ ಅನುಭವದಿಂದ ಕೆಲವು ಮಾತು ಹೇಳುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ. ನಿಮಗೆ ಏನನ್ನಾದರೂ ಬಿಡಲು ಹೇಳುವವರು ತಮ್ಮ ಮನೆಗೆ ಕಾಯಿಲೆ ಬಂದಾಗ ಎಲ್ಲಿಗೆ ಓಡುತ್ತಾರೆಂದು ನೋಡಿಕೊಳ್ಳಿ. ಹೇಳಿದವರು ಸುಳ್ಳಾದರೆಂದು ನೀವು ಕೊಂಡ ಒಳ್ಳೆಯದನ್ನು ಬೀದಿಗೆ ಎಸೆಯಬೇಡಿ, ಬೆಲೆ ಕೊಟ್ಟಿರುವುದು ನೀವು. ಮೋಸ ತಿಳಿದರೆ ತಿಳಿದ ದಿನವೇ ನೊಂದವನಿಗೆ ಹೇಳಿ. ಇನ್ನು, ಹೊಸ ನಂಬಿಕೆಗಾಗಿ ನೆಂಟರನ್ನು ಕಳೆದುಕೊಂಡವನು ನಿಮ್ಮ ಪಕ್ಕದಲ್ಲಿ ಕೂತಿದ್ದರೆ, ಅವನಿಗೆ ಬೋಧನೆ ಹೇಳಲು ಅವಸರ ಮಾಡಬೇಡಿ. ಅವನ ಹೊಲ ಉಳುವ ದಿನ ಯಾವುದೆಂದು ಕೇಳಿ. ಆ ದಿನ ನಿಮ್ಮ ಎತ್ತು ಹೊಡೆದುಕೊಂಡು ಹೋಗಿ ಅವನ ಎತ್ತಿನ ಪಕ್ಕಕ್ಕೆ ಕಟ್ಟಿ.