ಅಪ್ಪ ಜೋಡಿಸಿದ ಚೀಟಿಗಳು

ನಮ್ಮ ಮನೆಯಲ್ಲಿ ಮೊದಲು ಪದವಿ ಪಡೆದವಳು ನಾನು. ಬರೆದದ್ದನ್ನು ಯಾರಿಗಾದರೂ ತೋರಿಸಿ, ಸರಿಯಿದೆಯೇ ಎಂದು ಕೇಳುವ ಅನುಕೂಲ ನನಗಿರಲಿಲ್ಲ. ಆ ಅಂಜಿಕೆ ಇಂದಿಗೂ ಹೋಗಿಲ್ಲ. ಆದ್ದರಿಂದ ಈ ನಿರೂಪಣೆಯಲ್ಲಿ ಕೊರತೆಗಳು ಕಂಡರೆ ಓದುಗರು ಮನ್ನಿಸಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಎರಡು ಸಾವಿರದ ದಶಕದ ಆರಂಭದಲ್ಲಿ ನಾನು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದೆ. ಇನ್ಫರ್ಮೇಷನ್ ಆರ್ಕಿಟೆಕ್ಚರ್ ಎಂಬುದು ನಮಗಿದ್ದ ವಿಷಯಗಳಲ್ಲೊಂದು. ವೆಬ್‌ಸೈಟಿನಲ್ಲಿ ಯಾವುದು ಎಲ್ಲಿರಬೇಕೆಂಬುದನ್ನು ಕಟ್ಟುವವರು ತಾವಾಗಿ ನಿರ್ಧರಿಸಬಾರದು, ಬಳಸುವವರಿಂದ ತಿಳಿಯಬೇಕು ಎಂಬುದು ಅದರ ತಿರುಳು. ಅದಕ್ಕೊಂದು ವಿಧಾನವನ್ನೂ ಕಲಿಸಿದ್ದರು. ವಿಷಯಗಳನ್ನು ಒಂದೊಂದು ಚೀಟಿಯಲ್ಲಿ ಬರೆದು ಬಳಸುವವರ ಕೈಗೆ ಕೊಡುವುದು. ಅವರು ಯಾವುದನ್ನು ಯಾವುದರ ಜೊತೆ ಇಡುತ್ತಾರೋ, ಬಾಯಿ ಹಾಕದೆ ನೋಡಿ ಬರೆದುಕೊಳ್ಳುವುದು. ಕಾಫಿ ಬೆಳೆಗಾರರಿಗಾಗಿ ಒಂದು ವೆಬ್‌ಸೈಟ್ ರೂಪಿಸುತ್ತೇನೆಂದು ನಾನು ಒಪ್ಪಿಕೊಂಡೆ. ಧೈರ್ಯವಾಗಿ ಕೇಳಬಹುದಾಗಿದ್ದ ಬೆಳೆಗಾರರೆಂದರೆ ಅಪ್ಪ ಮಾತ್ರ.

ಕಳಸದ ಕಡೆ ನಮಗೆ ಮೂರು ಎಕರೆ ತೋಟವಿತ್ತು. ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದ ಅಪ್ಪ ಅಂಗಳದಲ್ಲಿ ಮಳೆ ಅಳೆಯುವ ಮಾಪಕ ಇಟ್ಟುಕೊಂಡಿದ್ದರು. ಪ್ರತಿ ಬೆಳಿಗ್ಗೆ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದರು. ನಾನು ಹಾಸ್ಟೆಲ್ ಸೇರಿದ ಮೇಲೆ, ಮಳೆಯಾದ ಮರುದಿನ ಪೇಟೆಯ ಬೂತಿನಿಂದ ಫೋನ್ ಮಾಡುತ್ತಿದ್ದರು. “ನಮ್ಮಲ್ಲಿ ಒಂದಿಂಚು ಇಪ್ಪತ್ತು ಸೆಂಟ್ಸ್” ಎಂಬುದು ಮೊದಲ ಮಾತು; ಇಂಚಿನ ನೂರರಲ್ಲೊಂದು ಭಾಗ ನಮ್ಮ ಕಡೆ ಒಂದು ಸೆಂಟ್. ಊಟವಾಯಿತೇ ಎಂಬುದು ಆಮೇಲೆ.

ರಜೆಗೆ ಹೋದಾಗ, ಕಾಫಿ ಒಣಗಿಸುವ ಕಣದಲ್ಲಿ ಅಪ್ಪನಿಗೆ ಚೀಟಿಗಳನ್ನು ಕೊಟ್ಟೆ. ಅವರು ಕೈಕಾಲು ತೊಳೆದು, ಒಗೆದ ಅಂಗಿ ಹಾಕಿಕೊಂಡು ಬಂದು ಕುಳಿತರು. ಪಕ್ಕದ ತೋಟದ ಅವರ ಗೆಳೆಯರು ಬೇಲಿಯಾಚೆಯಿಂದಲೇ ಕೂಗಿದರು.

“ಏನ್ ಮಾರಾಯ, ಮಗಳತ್ರ ಇಸ್ಪೀಟ್ ಕಲೀತಿದೀಯಾ?”

“ಯೂನಿವರ್ಸಿಟಿಯವ್ರು ನನ್ನ ಕೇಳ್ಕಂಡು ಬಾ ಅಂತ ಕಳ್ಸಿದಾರೆ ಕಣೋ. ನಿನ್ನನ್ ಯಾರಾದ್ರೂ ಕೇಳಿದ್ರಾ?” ಎಂದರು ಅಪ್ಪ. ಅವರು ಅಷ್ಟು ಬೀಗಿದ್ದನ್ನು ನಾನು ಕಂಡಿರಲಿಲ್ಲ.

ನಾನು ‘ಮಳೆ’ ಎಂದು ಒಂದೇ ಚೀಟಿ ಬರೆದಿದ್ದೆ. ಅದು ಸಾಲದೆಂದು ಅಪ್ಪ ಖಾಲಿ ಚೀಟಿಗಳನ್ನು ಕೇಳಿ ಪಡೆದರು. ಕಾಫಿ ಹೂ ಬಿಡಿಸುವ ಹೂಮಳೆ, ಆ ಹೂವು ಕಾಯಿಗಟ್ಟಲು ಬೇಕಾದ ಎರಡನೆಯ ಮಳೆ, ಮುಂಗಾರು, ಮಳೆ ಬಿಟ್ಟ ಕಾಲ ಎಂದು ಬರೆದು ಸಾಲಾಗಿ ಇಟ್ಟರು. ಗೊಬ್ಬರ, ಔಷಧಿ ಸಿಂಪಡಣೆ, ಕೊಯ್ಲು ಎಲ್ಲವೂ ಆಯಾ ಮಳೆಯ ಕೆಳಗೆ ಬಂದವು. ಉಳಿದದ್ದು ‘ಬೆಲೆ’. ಅದನ್ನು ಕಣದ ಅಂಚಿನ ಕಲ್ಲಿನ ಮೇಲಿಟ್ಟು, “ಇದು ನಮ್ ಕೈಲಿಲ್ಲ. ಹೊರಗೇ ಇರ್ಲಿ” ಎಂದರು. ಕೊನೆಯಲ್ಲಿ, ಚೀಟಿ ಜೋಡಿಸಿದವರು ತಾವೇ ಎಂಬ ದೃಢೀಕರಣದ ಹಾಳೆಗೆ ನಿಧಾನವಾಗಿ ಸಹಿ ಹಾಕಿದರು.

ಹಾಸ್ಟೆಲಿಗೆ ಮರಳಿ ಸಹಪಾಠಿಗಳ ಅಚ್ಚುಕಟ್ಟಾದ ನಕ್ಷೆಗಳನ್ನು ನೋಡಿದಾಗ ನನಗೆ ಭಯವಾಯಿತು. ಅಪ್ಪನ ಜೋಡಣೆ ಹಳ್ಳಿಯವರ ತಪ್ಪಿನಂತೆ ಕಂಡಿತು. ಬೆಲೆಯನ್ನು ಮೇಲಕ್ಕೆ ತಂದೆ. ರೋಗ, ಗೊಬ್ಬರ, ಯಂತ್ರೋಪಕರಣ ಎಂದು ವಿಭಾಗ ಮಾಡಿದೆ. ಮಳೆಯನ್ನು ಕೊನೆಯ ‘ಇತರೆ’ ವಿಭಾಗದಲ್ಲಿ ಹಾಕಿದೆ. ಬೆಳೆಗಾರರು ಹೀಗೆಯೇ ಜೋಡಿಸಿದರೆಂದು ವರದಿ ಬರೆದು, ಅಪ್ಪನ ಸಹಿಯಿದ್ದ ಹಾಳೆಯನ್ನು ಲಗತ್ತಿಸಿದೆ.

ಅಧ್ಯಾಪಕರು ವರದಿಯನ್ನು ಎರಡು ಸಲ ತಿರುವಿ ನೋಡಿದರು.

“ಪಠ್ಯಪುಸ್ತಕದ ಹಾಗೇ ಇದೆಯಲ್ಲಮ್ಮ. ನಿಜವಾಗ್ಲೂ ಬೆಳೆಗಾರರನ್ನೇ ಕೇಳಿದೆಯಾ?”

“ಹೌದು ಸರ್.”

“ಅವರು ಬೇರೆ ಥರ ಏನೂ ಹೇಳ್ಲಿಲ್ವಾ? ಹೇಳಿದ್ರೆ ಚೆನ್ನಾಗಿರ್ತಿತ್ತು.”

“ಇಲ್ಲ ಸರ್” ಎಂದೆ. ಅಂಕಗಳು ಚೆನ್ನಾಗಿಯೇ ಬಂದವು.

ಮುಂದಿನ ರಜೆಯಲ್ಲಿ ಅಪ್ಪ ವೆಬ್‌ಸೈಟ್ ನೋಡಬೇಕೆಂದು ತಾವಾಗಿಯೇ ನನ್ನೊಡನೆ ಪೇಟೆಗೆ ಹೊರಟರು. ಸಿ.ಡಿ.ಯಲ್ಲಿ ತಂದಿದ್ದನ್ನು ಪೇಟೆಯ ಸೈಬರ್ ಸೆಂಟರಿನಲ್ಲಿ ತೆರೆದು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಪರದೆಯನ್ನು ಮೇಲಿನಿಂದ ಕೆಳಗೆ ಓದಿದರು.

“ಮಳೆ ಎಲ್ಲಿಟ್ಟೆ?”

ನಾನು ‘ಇತರೆ’ಯನ್ನು ಒತ್ತಿ ತೋರಿಸಿದೆ.

“ಮಳೆ ಇತರೆ ಆಯ್ತಾ, ಮಾರಾಯ್ತಿ?” ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಆಗ್ಲಿ. ಓದ್ದವ್ರು ತಿದ್ದಿದ್ದು ಸರಿನೇ ಇರ್ತದೆ. ನಂಗೇ ಗೊತ್ತಿರ್ಲಿಲ್ಲ.”

ವಿಶ್ವವಿದ್ಯಾಲಯವೇ ತಮ್ಮ ತಪ್ಪನ್ನು ತಿದ್ದಿದೆ ಎಂದು ಅವರು ತಿಳಿದರು. ತಿದ್ದಿದವಳು ನಾನು ಎಂದು ಆಗಲೇ ಹೇಳಬಹುದಿತ್ತು. “ಅಲ್ಲಿ ಹಂಗೇ ಅಪ್ಪ” ಎಂದುಬಿಟ್ಟೆ.

ಆಮೇಲೆ ಅಪ್ಪನ ಫೋನು ಊಟದ ಮಾತಿನಿಂದಲೇ ಆರಂಭವಾಗತೊಡಗಿತು. ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ, ಮಳೆ ಬಿದ್ದಿದ್ದರೂ, ಏಪ್ರಿಲ್ ತಿಂಗಳು ಖಾಲಿಯಿತ್ತು. ಗೊಬ್ಬರ ಯಾವಾಗ ಹಾಕಬೇಕೆಂದು ಅವರು ನನ್ನನ್ನು ಕೇಳತೊಡಗಿದರು. ನಾನು ಗೊಬ್ಬರದಂಗಡಿಯವರನ್ನು ಕೇಳಿ ಹೇಳುತ್ತಿದ್ದೆ. ತಂಗಿ ಏನು ಓದಬೇಕೆಂಬುದನ್ನೂ ನಾನೇ ತೀರ್ಮಾನಿಸಿದೆ. ಎರಡು ವರ್ಷಗಳ ಬಳಿಕ ತೋಟವನ್ನು ಗುತ್ತಿಗೆಗೆ ಕೊಡಲೇ ಎಂದು ಅಪ್ಪ ಕೇಳಿದರು. ಕೊಡಿ ಎಂದೆ, ಕೊಟ್ಟರು. ಈಗ ನಮ್ಮ ಮನೆಯಲ್ಲಿ ಯಾರೂ ಮಳೆ ಅಳೆಯುವುದಿಲ್ಲ.